ಕಾಲು ಅಲ್ಲಾಡದ ಕುರ್ಚಿಯೂ ಸರ್ಕಾರದ ಬಾಂಡೂ

ಕುರ್ಚಿ ಸಿಕ್ಕವರು ಸುಲಭಕ್ಕೆ ಏಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಆ ಬೀದಿಯ ಮೂಲೆಯಲ್ಲಿದ್ದ ಒಂದು ಸಂಸಾರದ ಕಸುಬೇ ಕೂತವರನ್ನು ಎಬ್ಬಿಸುವುದು. ಮದುವೆಯಿರಲಿ, ಸಭೆಯಿರಲಿ, ನಾಟಕವಿರಲಿ, ಬೆಳಗ್ಗೆ ಹೋಗಿ ಬಾಡಿಗೆ ಕುರ್ಚಿ ಇಳಿಸುತ್ತಿದ್ದರು. ಎಲ್ಲ ಮುಗಿದ ಮೇಲೆ ಕೊನೆಯ ಭಾಷಣಕಾರನ ಬೆನ್ನ ಹಿಂದೆ ನಿಂತು ಸಣ್ಣಗೆ ಕೆಮ್ಮುತ್ತಿದ್ದರು. ಆತ ಎದ್ದ ತಕ್ಷಣ ಕುರ್ಚಿ ಮಡಚಿ ಗಾಡಿಗೇರಿಸುತ್ತಿದ್ದರು.

ಮನೆಯೊಡತಿಯನ್ನು ಊರೆಲ್ಲ ಕುರ್ಚಿಯಕ್ಕ ಎನ್ನುತ್ತಿತ್ತು. ಗಂಡನಿಗೆ ಕುರ್ಚಿಯಣ್ಣ ಎಂಬ ಹೆಸರು ತಾನಾಗಿ ಬಂದಿತ್ತು. ಗಂಡನ ತಮ್ಮನಿಗೆ ಮಾತ್ರ ಬೇರೆ ಹೆಸರು, ರೇಡಿಯೋ. ವಾರ್ತೆ ಓದುವವರು, ಬಸ್ ನಿಲ್ದಾಣದ ಮೈಕು, ಹಲ್ಲಿನ ಡಾಕ್ಟರು, ಸ್ಟಾರ್ಟ್ ಆಗದ ಮೋಟಾರು, ಎಲ್ಲವೂ ಅವನ ಗಂಟಲಿನಲ್ಲಿ ಬಾಡಿಗೆಗಿದ್ದವು.

ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಕಾಲು ಅಲ್ಲಾಡುವ ಕುರ್ಚಿ ಒಂದು ರಾತ್ರಿಯೂ ಗೋದಾಮಿನಲ್ಲಿ ಉಳಿಯಬಾರದು. ಬಹಳ ಹಿಂದೆ ಒಂದು ಶಾಲೆಯ ಸಮಾರಂಭದಲ್ಲಿ ಮುಖ್ಯ ಅತಿಥಿಯೊಬ್ಬರು ‘ಶಿಸ್ತೇ ಬದುಕಿನ ಆಧಾರ’ ಎಂದು ಹೇಳಿ ಕೂತರು. ಕೂತ ಆಧಾರ ಮುರಿದು ವೇದಿಕೆಯ ಹಿಂದಕ್ಕೆ ಉರುಳಿದರು. ಆ ಶಾಲೆಯ ಬಾಗಿಲು ಅಂಗಡಿಗೆ ಮತ್ತೆ ತೆರೆಯಲಿಲ್ಲ. ಅಂದಿನಿಂದ ಕುರ್ಚಿಯಣ್ಣ ವಾಪಸ್ ಬಂದ ಪ್ರತಿ ಕುರ್ಚಿಯನ್ನೂ ತಲೆಕೆಳಗು ಮಾಡಿ, ನಾಲ್ಕೂ ಕಾಲು ಹಿಡಿದು ಅಲ್ಲಾಡಿಸಿ ನೋಡುತ್ತಿದ್ದ. ಕೂದಲೆಳೆಯಷ್ಟು ಅಲುಗಿದರೂ ಅವತ್ತೇ ಗುಜರಿಗೆ, ಬಂದಷ್ಟು ಬೆಲೆಗೆ. ಒಂದು ಸ್ಕ್ರೂ ಬಿಗಿದರೆ ಸರಿಹೋಗುತ್ತೆ ಎಂದು ಹೆಂಡತಿ ಹೇಳಿದರೆ, “ಮೊದಲು ಮಾರು, ಆಮೇಲೆ ಮಾತಾಡು” ಎನ್ನುತ್ತಿದ್ದ.

ಗೋದಾಮು ಅವರ ಸ್ವಂತದ್ದಲ್ಲ. ಅದರ ಮಾಲೀಕರು ವಯಸ್ಸಾದವರು. ಇನ್ನು ಮೂರು ವರ್ಷಕ್ಕೆ ತಂಗಿಯ ಊರಿಗೆ ಹೋಗಿ ನೆಲೆಸುವುದೆಂದು ತೀರ್ಮಾನಿಸಿದ್ದರು. “ಹೋಗುವಾಗ ಗೋದಾಮು ನಿಮಗೇ ಕೊಡ್ತೀನಿ. ಆದರೆ ಆ ಹೊತ್ತಿಗೆ ಹಣ ಕೈಯಲ್ಲಿರಬೇಕು. ಇಲ್ಲದಿದ್ದರೆ ಎದುರು ಅಂಗಡಿಯವನಿಗೆ ಕೊಡೋದೇ” ಎಂದಿದ್ದರು. ಎದುರು ಅಂಗಡಿಯವನದೂ ಕುರ್ಚಿ ಬಾಡಿಗೆಯ ವ್ಯಾಪಾರ. ಅವನ ಮೀಸೆ ಬಾಗಿಲಿಗಿಂತ ಅಗಲ, ಅದಕ್ಕೇ ಅವನ ಹೆಸರು ಮೀಸೆ. ಗೋದಾಮು ಮೀಸೆಯ ಪಾಲಾದರೆ ಇವರ ಕುರ್ಚಿಗಳೆಲ್ಲ ಬೀದಿಗೆ, ಕುರ್ಚಿಗಳ ಹಿಂದೆಯೇ ಇವರೂ.

ಹಾಗಾಗಿ ಕುರ್ಚಿಯಕ್ಕ ಕೂಡಿಟ್ಟ ಹಣವನ್ನೆಲ್ಲ ಸರ್ಕಾರಿ ಬಾಂಡಿನಲ್ಲಿ ಹಾಕಿದ್ದಳು. ಬಾಂಡು ಎಂದರೆ ಬೇರೇನಲ್ಲ, ಸರ್ಕಾರಕ್ಕೆ ನಾವು ಕೊಟ್ಟ ಸಾಲದ ಕರಾರು. ನೂರು ಕೊಟ್ಟರೆ ವರ್ಷಕ್ಕೆ ಆರೂವರೆ ಬಡ್ಡಿ. ಮೂರು ವರ್ಷ ಮುಗಿದ ದಿನ ನೂರಕ್ಕೆ ನೂರು ವಾಪಸ್. ಮಾಲೀಕರು ಊರು ಬಿಡುವುದೂ ಬಾಂಡು ಮುಗಿಯುವುದೂ ಒಂದೇ ತಿಂಗಳು. ಅದನ್ನು ನೋಡಿಯೇ ಆರಿಸಿದ್ದಳು.

ಬಜೆಟ್ಟಿನ ದಿನ ಗೋದಾಮಿನ ಗೂಡಿನಲ್ಲಿದ್ದ ಹಳೆಯ ರೇಡಿಯೋ ಬಜೆಟ್ ಭಾಷಣ ಬಿತ್ತರಿಸುತ್ತಿತ್ತು. ಕುರ್ಚಿಯಕ್ಕ ಕುರ್ಚಿ ಒರೆಸುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಸರ್ಕಾರಕ್ಕೆ ಬರುವ ಹಣ ಇಷ್ಟು, ಹೋಗುವ ಹಣ ಅಷ್ಟು, ನಡುವಿನ ಕೊರತೆ ತುಂಬಲು ಹೋದ ವರ್ಷಕ್ಕಿಂತ ಹೆಚ್ಚು ಸಾಲ ಎತ್ತಲಾಗುವುದು ಎಂದಿತು ಡಬ್ಬಿಯ ರೇಡಿಯೋ. ತಕ್ಷಣ ಮೈದುನ ರೇಡಿಯೋ ಒಂದು ಕುರ್ಚಿಯ ಹಿಂದೆ ನಿಂತು, ಕನ್ನಡಕ ಸರಿಮಾಡಿಕೊಂಡಂತೆ ಮಾಡಿ ಶುರುಮಾಡಿದ.

“ಮಾನ್ಯರೇ, ಈ ಮನೆಯ ಆದಾಯ ಒಂದು ಲೋಟ, ಖರ್ಚು ಒಂದು ಬಿಂದಿಗೆ. ನಡುವಿನ ಕೊರತೆಯನ್ನು ಅತ್ತಿಗೆಯ ಡಬ್ಬಿಯಿಂದ ತುಂಬಲಾಗುವುದು. ಇದನ್ನು ಆಯವ್ಯಯ ಎನ್ನುತ್ತಾರೆ. ಡಬ್ಬಿ ತೆಗೆದು ನೋಡಿದ ಮೇಲೆ ಅಯ್ಯಯ್ಯ ಎನ್ನುತ್ತಾರೆ.”

“ಡಬ್ಬಿಗೆ ಕೈ ಹಾಕಿದ್ರೆ ಕೈ ಮುರೀತೀನಿ” ಎಂದಳು ಕುರ್ಚಿಯಕ್ಕ, ಬಟ್ಟೆ ಹಿಂಡುತ್ತಾ.

ಮಾರನೇ ದಿನ ಮಧ್ಯಾಹ್ನ ಕುರ್ಚಿಯಣ್ಣ ಕ್ಷೌರದಂಗಡಿಯಿಂದ ಓಡುನಡಿಗೆಯಲ್ಲಿ ಬಂದ. ಗಲ್ಲದ ಮೇಲೆ ಸೋಪಿನ ನೊರೆ ಇನ್ನೂ ಇತ್ತು.

“ಲೋ, ಫೋನ್ ತೆಗೆದು ನೋಡು. ಬಾಂಡುಗಳೆಲ್ಲ ಬಿದ್ದುಹೋಗಿವೆಯಂತೆ. ನಮ್ಮದು ಎಷ್ಟಾಗಿದೆ?”

ಕೊಂಡ ಮೇಲೆ ಅದರ ಕಡೆ ಯಾರೂ ಕಣ್ಣು ಹಾಯಿಸಿರಲಿಲ್ಲ. ಅವನ ತಮ್ಮ ಫೋನ್ ತೆಗೆದ, ನೋಡಿದ, ವಾರ್ತೆಯವರ ದನಿ ತಂದುಕೊಂಡ.

“ಮುಖ್ಯಾಂಶಗಳು. ನೂರು ಕೊಟ್ಟು ತಂದ ನಮ್ಮ ಬಾಂಡು ಇಂದು ತೊಂಬತ್ತೇಳೂವರೆ. ಇಳುವರಿ ಏಳೂವರೆಗೆ ಏರಿದೆ ಎಂದು ತಿಳಿದುಬಂದಿದೆ. ಹೆಸರಿನಲ್ಲೇ ‘ಇಳು’ ಇಟ್ಟುಕೊಂಡದ್ದು ಏರಿದ್ದು ಹೇಗೆಂದು ತನಿಖೆ ನಡೆಯುತ್ತಿದೆ.”

“ತಮಾಷೆ ಸಾಕು. ಮಾರು.”

“ಈಗಲೇನಾ?”

“ಅಲ್ಲಾಡ್ತಿದೆ ಅಂದ ಮೇಲೆ ರಾತ್ರಿ ಉಳಿಸ್ಕೋಬಾರದು. ಸಂಜೆ ಮಾರುಕಟ್ಟೆ ಮುಚ್ಚೋಕೆ ಮುಂಚೆ ಮಾರು. ಹೊಸದಾಗಿ ಮೂವತ್ತು ವರ್ಷದ ಬಾಂಡ್ ಬಂದಿದೆಯಂತೆ. ಬಡ್ಡಿ ಎಂಟರ ಹತ್ತಿರ. ಎಲ್ಲಾ ಅದಕ್ಕೆ ಹಾಕೋಣ. ಕ್ಷೌರದವನೇ ಹೇಳಿದ.”

“ಅವನು ನಿಮ್ಮ ಗಲ್ಲ ಅರ್ಧಕ್ಕೆ ಬಿಟ್ಟಿದ್ದಾನೆ. ವಿಷಯ ಪೂರ್ತಿ ಹೇಳಿದನಾ?” ಎಂದಳು ಕುರ್ಚಿಯಕ್ಕ.

ಅವಳಿಗೆ ಹೆದರಿಕೆ ಆಗಲಿಲ್ಲವೆಂದಲ್ಲ. ಆದರೆ ಅವಳ ಸ್ವಭಾವವೇ ಬೇರೆ. ಚಿಕ್ಕವಳಿದ್ದಾಗ ಅಲಾರಂ ಗಡಿಯಾರದೊಳಗೆ ಯಾರು ಕೂಗುತ್ತಾರೆಂದು ನೋಡಲು ಅದನ್ನು ಬಿಚ್ಚಿಹಾಕಿದವಳು. ಈಗಲೂ ಹೆದರಿಕೆಗಿಂತ ಒಂದು ಹೆಜ್ಜೆ ಮುಂದೆ ‘ಯಾಕೆ’ ಎಂಬುದು ಬಂದು ನಿಂತಿತ್ತು.

“ರೀ, ಒಂದು ಅರ್ಥ ಆಗ್ತಿಲ್ಲ. ನಿನ್ನೆ ಯಾರೋ ಎಲ್ಲೋ ಒಂದು ಬಜೆಟ್ ಪುಸ್ತಕ ಓದಿದರು. ನಮ್ಮ ಬಾಂಡು ತನ್ನ ಪಾಡಿಗೆ ತಾನಿತ್ತು. ಅದನ್ನು ಯಾರೂ ಮುಟ್ಟಿಲ್ಲ. ಹಾಗಿದ್ದೂ ಅದಕ್ಕೆ ಏಟು ಬಿದ್ದಿದ್ದು ಹೇಗೆ?”

“ಹೇಗಾದರೂ ಬೀಳಲಿ. ಬಿತ್ತಲ್ಲ.”

“ಹೇಗೆ ಅಂತ ಗೊತ್ತಾಗದೆ ಮಾರೋಕೆ ನಾನು ಬಿಡಲ್ಲ. ಗೊತ್ತಾದ ಮೇಲೂ ಮಾರಬೇಕು ಅನ್ನಿಸಿದರೆ ನಾನೇ ಗುಂಡಿ ಒತ್ತುತೀನಿ.”

ಕುರ್ಚಿಯಣ್ಣ ಗೋಡೆಯ ಗಡಿಯಾರ ನೋಡಿದ, ಹೆಂಡತಿಯನ್ನು ನೋಡಿದ, ಗಲ್ಲದ ನೊರೆ ಒರೆಸಿಕೊಂಡ. “ಮುಚ್ಚೋವರೆಗೆ ಟೈಮ್. ಅಷ್ಟೇ.”

ಅಷ್ಟರಲ್ಲಿ ಬಾಗಿಲಲ್ಲಿ ಕೈಗಾಡಿ ಕಿರುಗುಟ್ಟಿತು. ಗ್ರಂಥಾಲಯದ ಓದುಕೂಟಕ್ಕೆ ಒಯ್ದಿದ್ದ ಕುರ್ಚಿಗಳನ್ನು ಕ್ಯಾಶಿಯರಮ್ಮ ತಾವೇ ತಳ್ಳಿಕೊಂಡು ಬಂದಿದ್ದರು. ಬ್ಯಾಂಕಿನಲ್ಲಿ ಕ್ಯಾಶಿಯರಾಗಿದ್ದು ನಿವೃತ್ತರಾದವರು. ಎಣಿಸುವುದನ್ನು ಬಿಟ್ಟರೂ ಎಣಿಸುವ ಬೆರಳು ಬಿಟ್ಟಿರಲಿಲ್ಲ, ಮಾತಾಡುವಾಗ ಹೆಬ್ಬೆರಳು ತೋರುಬೆರಳು ಉಜ್ಜಿಕೊಳ್ಳುತ್ತಲೇ ಇರುತ್ತಿದ್ದವು.

“ಸರಿಯಾದ ಹೊತ್ತಿಗೆ ಬಂದ್ರಿ” ಎಂದು ಕುರ್ಚಿಯಕ್ಕ ಅವರ ಕೈಹಿಡಿದು ಒಳಕ್ಕೆ ಕರೆತಂದಳು. ನಡೆದದ್ದನ್ನೆಲ್ಲ ಹೇಳಿದಳು. ಕ್ಯಾಶಿಯರಮ್ಮ ಕೂರಲು ಕುರ್ಚಿ ಹುಡುಕಿದರು. ಇಷ್ಟು ಕುರ್ಚಿಗಳ ನಡುವೆ ಕೂರುವುದಕ್ಕೆ ಒಂದೂ ಇರಲಿಲ್ಲ, ಎಲ್ಲ ಮಡಚಿಟ್ಟಿದ್ದವು. ಕೊನೆಗೆ ನಿಂತೇ ಮಾತಾಡಿದರು.

“ನೋಡಮ್ಮಾ, ಸರ್ಕಾರ ಹೆಚ್ಚು ಸಾಲ ಬೇಕು ಅಂದರೆ ಮಾರುಕಟ್ಟೆಗೆ ಹೆಚ್ಚು ಬಾಂಡು ತರುತ್ತೆ. ಕೊಳ್ಳೋವರು ಅಷ್ಟೇ ಇದ್ದರೆ ಅವರನ್ನ ಒಲಿಸೋಕೆ ಬಡ್ಡಿ ಹೆಚ್ಚು ಕೊಡಬೇಕಾಗುತ್ತೆ. ಹೊಸ ಬಾಂಡು ಹೆಚ್ಚು ಕೊಟ್ಟರೆ ಹಳೇ ಬಾಂಡಿಗೆ ಗಿರಾಕಿ ಕಡಿಮೆ, ಅದರ ಬೆಲೆ ಇಳಿಯುತ್ತೆ. ಬೆಲೆ ಇಳಿದರೆ ಇಳುವರಿ ಏರುತ್ತೆ. ಕೊಟ್ಟ ಬೆಲೆಗೆ ಹೋಲಿಸಿ ಎಷ್ಟು ಬರುತ್ತೆ ಅನ್ನೋದೇ ಇಳುವರಿ.”

“ಮುಖಬೆಲೆ ನೂರು, ಸಿಗೋ ಬೆಲೆ ತೊಂಬತ್ತೇಳೂವರೆ” ಎಂದ ರೇಡಿಯೋ. “ಅಂದರೆ ನಮ್ಮ ಮುಖ ನೋಡಿ ಬೆಲೆ ಕಟ್ಟಿದ್ದಾರೆ.”

“ನಿನ್ನ ಮುಖ ನೋಡಿದ್ದರೆ ಇನ್ನೂ ಇಳೀತಿತ್ತು” ಎಂದ ಅಣ್ಣ. “ಅಮ್ಮಾ, ನೀವು ಹೇಳಿದ್ದು ನನಗೆ ಇಷ್ಟೇ ಅರ್ಥ ಆಯ್ತು. ಹಳೇದಕ್ಕೆ ಬೆಲೆ ಇಲ್ಲ. ಅದಕ್ಕೇ ಮಾರ್ತಿದೀನಿ.”

ಕುರ್ಚಿಯಕ್ಕ ಇಬ್ಬರ ಮಾತನ್ನೂ ಕೇಳುತ್ತಾ ವಾಪಸ್ ಬಂದ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಹೊಸದು ಹೆಚ್ಚು ಕೊಟ್ಟರೆ ಹಳೆಯದಕ್ಕೆ ಗಿರಾಕಿ ಕಡಿಮೆ. ಈ ಮಾತು ಎಲ್ಲೋ ಕೇಳಿದಂತಿದೆ. ಎಲ್ಲಿ? ಕೈಯಲ್ಲಿದ್ದ ಕುರ್ಚಿ ಹಾಗೇ ನಿಂತಿತು.

“ರೀ, ಹೊಲಿಗೆ ಶಾಲೆಯ ಕುರ್ಚಿಗಳು.”

“ಅವಕ್ಕೇನಾಯ್ತು?”

“ಹೋದ ವರ್ಷ ಮೂರು ವರ್ಷಕ್ಕೆ ಅಂತ ಒಪ್ಪಂದ ಮಾಡಿ ಕೊಟ್ಟಿದೀವಿ. ಬಾಡಿಗೆ ಆಗಿನದ್ದೇ, ಬದಲಾಗಲ್ಲ. ಆಮೇಲೆ ಏನಾಯ್ತು? ನಗರಸಭೆಯವರು ದೊಡ್ಡ ಕ್ರೀಡಾಕೂಟ ಮಾಡ್ತೀವಿ ಅಂತ ಊರಲ್ಲಿದ್ದ ಕುರ್ಚಿಯನ್ನೆಲ್ಲ ಕೇಳಿದರು. ಒಬ್ಬನೇ ದೊಡ್ಡ ಗಿರಾಕಿ ಬಂದು ಎಲ್ಲಾ ಬೇಕು ಅಂದ. ಬಾಡಿಗೆ ಏನಾಯ್ತು?”

“ಏರಿತು. ನಾವೂ ಏರಿಸಿದ್ವಲ್ಲ.”

“ಸರ್ಕಾರವೂ ಹಾಗೇ ಅಲ್ವಾ? ಹಣ ಬಾಡಿಗೆಗೆ ತಗೊಳ್ಳೋ ಎಲ್ಲರಿಗಿಂತ ದೊಡ್ಡ ಗಿರಾಕಿ. ನಾವು ಕೊಡೋದು ಕುರ್ಚಿ, ಅವರು ತಗೊಳ್ಳೋದು ಹಣ. ಅವರು ಕೊಡೋ ಬಾಡಿಗೆಗೆ ಬಡ್ಡಿ ಅಂತ ಹೆಸರು.”

ಕ್ಯಾಶಿಯರಮ್ಮನ ಬೆರಳುಗಳು ಉಜ್ಜುವುದನ್ನು ನಿಲ್ಲಿಸಿದವು. “ಮುಂದೆ ಹೇಳು.”

“ಹೋದ ತಿಂಗಳು ಮೀಸೆ ಬಂದಿದ್ದ ನೆನಪಿದೆಯಾ? ‘ಹೊಲಿಗೆ ಶಾಲೆಯಲ್ಲಿರೋ ಕುರ್ಚಿಗಳನ್ನ ನನಗೆ ಮಾರಿ. ಒಪ್ಪಂದವೂ ನನಗಿರಲಿ. ಆದರೆ ಬರೋದು ಹಳೇ ಬಾಡಿಗೆ, ಅದಕ್ಕೇ ಪೂರ್ತಿ ಬೆಲೆ ಕೊಡಲ್ಲ’ ಅಂದ. ಆಗ ನೀವೇನಂದ್ರಿ?”

ಕುರ್ಚಿಯಣ್ಣ ಮತ್ತೆ ಗಡಿಯಾರ ನೋಡಿದ.

“ನೆನಪಿಲ್ಲದಿದ್ದರೆ ಬಿಡಿ. ಲೋ ರೇಡಿಯೋ, ಅವತ್ತು ನಿಮ್ಮಣ್ಣ ಏನಂದರು? ಅವರ ದನಿಯಲ್ಲೇ ಹೇಳು.”

ರೇಡಿಯೋಗೆ ಇದಕ್ಕಿಂತ ಇನ್ನೇನು ಬೇಕಿತ್ತು. ಲುಂಗಿಯಿಲ್ಲದಿದ್ದರೂ ಲುಂಗಿ ಎತ್ತಿಕಟ್ಟಿದಂತೆ ಸೊಂಟದ ಮೇಲೆ ಕೈಯಿಟ್ಟ, ಹೊಟ್ಟೆ ಮುಂದೆ ತಂದ, ಹುಬ್ಬು ಗಂಟಿಕ್ಕಿದ. ಗೋದಾಮಿನಲ್ಲಿ ಇಬ್ಬರು ಕುರ್ಚಿಯಣ್ಣಂದಿರು ಎದುರುಬದುರು ನಿಂತರು.

“‘ಏನಯ್ಯಾ ಮೀಸೆ, ನನ್ನ ಕುರ್ಚಿಗೆ ಏನಾಗಿದೆ? ಕಾಲು ಮುರಿದಿದೆಯಾ? ಬೆನ್ನು ಬಿರುಕು ಬಿಟ್ಟಿದೆಯಾ? ಒಪ್ಪಂದ ಮುಗಿದ ದಿನ ನಾಲ್ಕು ಕಾಲ ಮೇಲೆ ವಾಪಸ್ ಬರುತ್ತೆ. ಅಲ್ಲಿವರೆಗೆ ಒಪ್ಪಿದ ಬಾಡಿಗೆ ಬರುತ್ತೆ. ಇವತ್ತು ನಿನಗೆ ಕಡಿಮೆಗೆ ಮಾರಿದರೆ ತಾನೇ ನನಗೆ ನಷ್ಟ? ನಾನ್ಯಾಕೆ ಮಾರಲಿ? ಹೊರಡು, ಮೀಸೆ ಬಾಗಿಲಿಗೆ ತಗುಲೀತು.’”

ಕ್ಯಾಶಿಯರಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದರು. ಕುರ್ಚಿಯಕ್ಕ ನಗಲಿಲ್ಲ, ಗಂಡನ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಏನೋ ನಿಧಾನವಾಗಿ ಜಾಗ ಬದಲಿಸುತ್ತಿತ್ತು.

“ಕಾಲು ಅಲ್ಲಾಡೋ ಕುರ್ಚಿ ಬೇರೆ, ಹಳೇ ಬಾಡಿಗೆಯ ಕುರ್ಚಿ ಬೇರೆ” ಎಂದಳು. “ಎರಡಕ್ಕೂ ಇವತ್ತು ಕಡಿಮೆ ಬೆಲೆ ಸಿಗುತ್ತೆ. ಆದರೆ ಒಂದು ಕೂತವರನ್ನ ಬೀಳಿಸುತ್ತೆ. ಇನ್ನೊಂದು ಒಪ್ಪಂದದ ದಿನ ಹಾಗೇ ವಾಪಸ್ ಬರುತ್ತೆ. ನಮ್ಮ ಬಾಂಡು ಯಾವುದು, ಅಮ್ಮಾ?”

“ಎರಡನೇದು” ಎಂದರು ಕ್ಯಾಶಿಯರಮ್ಮ. “ಸರ್ಕಾರ ನಿನಗೆ ಆರೂವರೆ ಕೊಡ್ತೀನಿ ಅಂದಿದ್ದು ಹಾಗೇ ಇದೆ. ಮುಗಿದ ದಿನ ನೂರು ಕೊಡ್ತೀನಿ ಅಂದಿದ್ದೂ ಹಾಗೇ ಇದೆ. ಬದಲಾಗಿರೋದು ಇವತ್ತೇ ಬೇರೆಯವರಿಗೆ ಮಾರಿದರೆ ಸಿಗೋ ಬೆಲೆ ಮಾತ್ರ.”

ಆದರೆ ಕುರ್ಚಿಯಣ್ಣ ಅಷ್ಟು ಸುಲಭಕ್ಕೆ ಕೈ ಎತ್ತುವವನಲ್ಲ. ಬಾಡಿಗೆಯಲ್ಲಿ ಒಂದು ಕಾಸು ಬಿಡಿಸಿಕೊಳ್ಳಲು ಅರ್ಧ ಗಂಟೆ ನಿಲ್ಲುವ ಗಿರಾಕಿಗಳೊಂದಿಗೆ ಏಗಿದ ನಾಲಿಗೆ ಅದು.

“ಸರಿ. ಮುರಿದಿಲ್ಲ. ಆದರೂ ಇದನ್ನ ಮಾರಿ ಹೊಸದಾಗಿ ಮೂರು ವರ್ಷದ್ದೇ ಕೊಂಡರೆ ಏಳೂವರೆ ಬರುತ್ತಲ್ಲ. ಆರೂವರೆಯಲ್ಲೇ ಯಾಕೆ ಕೂತಿರಬೇಕು?”

“ಒಳ್ಳೇ ಪ್ರಶ್ನೆ” ಎಂದ ಕ್ಯಾಶಿಯರಮ್ಮ ಕೊನೆಗೂ ಒಂದು ಕುರ್ಚಿ ಬಿಡಿಸಿ ಕೂತರು. “ಮಾರಿದರೆ ಕೈಗೆ ಬರೋದು ತೊಂಬತ್ತೇಳೂವರೆ. ಅದನ್ನೇ ಏಳೂವರೆಗೆ ಹಾಕ್ತೀಯ. ವರ್ಷಕ್ಕೆ ಸಿಗೋದು ಏಳೂ ಚಿಲ್ಲರೆ. ಆರೂವರೆಗಿಂತ ಮುಕ್ಕಾಲು ರೂಪಾಯಿಗೂ ತುಸು ಹೆಚ್ಚು. ಮೂರು ವರ್ಷದ್ದು ಸೇರಿಸು, ಎರಡೂವರೆಯ ಹತ್ತಿರ. ಸಂತೋಷ. ಆದರೆ ಕೊನೆಗೆ ವಾಪಸ್ ಬರೋದು ನೂರಲ್ಲ, ತೊಂಬತ್ತೇಳೂವರೆ. ಅಲ್ಲಿ ಎರಡೂವರೆ ಕಳ್ಕೊಂಡೆ.”

“ಅಲ್ಲಿಗಲ್ಲಿಗೆ ಆಯ್ತು.”

“ಅಲ್ಲಿಗಲ್ಲಿಗೆ. ನಡುವೆ ದಲ್ಲಾಳಿಗೆ ಕೊಡೋ ಶುಲ್ಕ ನಿನ್ನ ಜೇಬಿನದು.”

ಕುರ್ಚಿಯಣ್ಣ ಗೋಡೆಗೆ ಬೆರಳಿನಿಂದಲೇ ಲೆಕ್ಕ ಬರೆದು ನೋಡಿದ. ಒಪ್ಪಿಕೊಳ್ಳಲು ಮನಸ್ಸಿಲ್ಲದೆ ಇನ್ನೊಂದು ಸಲ ಬರೆದ.

“ಹಾಗಾದರೆ ಮೂವತ್ತು ವರ್ಷದ್ದು? ಎಂಟರ ಹತ್ತಿರ ಕೊಡುತ್ತೆ.”

ಇದಕ್ಕೆ ಉತ್ತರ ಕುರ್ಚಿಯಕ್ಕನೇ ಕೊಟ್ಟಳು. “ಅಲ್ಲಾ, ಗೋದಾಮು ಬೇಕಾಗಿರೋದು ಯಾವಾಗ? ಮೂವತ್ತು ವರ್ಷ ಕಾಯಿರಿ ಅಂದರೆ ಮಾಲೀಕರು ಕಾಯ್ತಾರಾ? ಅವರಿಗೀಗಲೇ ಮೆಟ್ಟಿಲು ಹತ್ತೋಕಾಗಲ್ಲ.”

“ಮಧ್ಯೆ ಮಾರಿದರಾಯ್ತು.”

“ಎಷ್ಟಕ್ಕೆ? ಅದೇ ನನಗೆ ಗೊತ್ತಾಗಬೇಕಾಗಿರೋದು.” ಅವಳು ಕ್ಯಾಶಿಯರಮ್ಮನ ಕಡೆ ತಿರುಗಿದಳು. “ನನ್ನ ಊಹೆ ಸರೀನಾ ಹೇಳಿ. ಹೊಲಿಗೆ ಶಾಲೆಗೆ ಮೂರು ವರ್ಷದ ಬದಲು ಮೂವತ್ತು ವರ್ಷಕ್ಕೆ ಹಳೇ ಬಾಡಿಗೆ ಒಪ್ಪಿದ್ದರೆ, ಮೀಸೆ ಇನ್ನೂ ಎಷ್ಟೋ ಕಡಿಮೆ ಬೆಲೆ ಹೇಳ್ತಿದ್ದ. ಯಾಕಂದರೆ ಮೂವತ್ತು ವರ್ಷ ಅವನು ಆ ಹಳೇ ಬಾಡಿಗೆಯನ್ನೇ ಎಣಿಸಬೇಕು.”

“ನೂರಕ್ಕೆ ನೂರು ಸರಿ. ಮೂರು ವರ್ಷದ್ದರಲ್ಲಿ ಇಳುವರಿ ಆರೂವರೆಯಿಂದ ಏಳೂವರೆಗೆ, ಒಂದು ಮೆಟ್ಟಿಲು ಏರಿದ್ದಕ್ಕೆ ನಿನ್ನ ನೂರು ತೊಂಬತ್ತೇಳೂವರೆ ಆಯ್ತು. ಮೂವತ್ತು ವರ್ಷದ್ದರಲ್ಲಿ ಅದೇ ಒಂದು ಮೆಟ್ಟಿಲು ಏರಿದರೆ ನೂರು ತೊಂಬತ್ತರ ಆಸುಪಾಸಿಗೆ ಬಂದು ನಿಲ್ಲುತ್ತೆ. ಇಳುವರಿ ಇಳಿದರೆ ಅಷ್ಟೇ ಜೋರಾಗಿ ಮೇಲೂ ಹೋಗುತ್ತೆ, ಇಲ್ಲ ಅನ್ನಲ್ಲ. ಮೂವತ್ತು ವರ್ಷ ಬಡ್ಡಿ ತಿಂದುಕೊಂಡು ಇರಬಲ್ಲವರಿಗೆ ಅದು ಸರಿ. ಗೋದಾಮು ಕೊಳ್ಳೋ ಹಣವನ್ನ ಆ ಉಯ್ಯಾಲೆ ಮೇಲೆ ಕೂರಿಸಬೇಡ.”

“ಉಯ್ಯಾಲೆಗೆ ಕಾಲೇ ಇಲ್ಲ” ಎಂದ ರೇಡಿಯೋ. “ಅಣ್ಣ ಹಿಡಿದು ಅಲ್ಲಾಡಿಸೋದು ಏನನ್ನ?”

ಹೊರಗೆ ಬಿಸಿಲು ಗೋಡೆಯಿಂದ ಇಳಿಯುತ್ತಿತ್ತು. ಫೋನು ರೇಡಿಯೋನ ಕೈಯಲ್ಲೇ ಇತ್ತು. ಕುರ್ಚಿಯಣ್ಣ ಅದನ್ನು ಇಸಿದುಕೊಂಡು ತೊಂಬತ್ತೇಳೂವರೆಯನ್ನು ಇನ್ನೊಮ್ಮೆ ನೋಡಿದ. ಒತ್ತಬೇಕಾದ ಗುಂಡಿ ಅಲ್ಲೇ ಇತ್ತು, ಹೆಬ್ಬೆರಳ ಅಗಲ.

“ಒಂದು ವೇಳೆ ಸರ್ಕಾರವೇ ಕೊಡದಿದ್ದರೆ?” ಎಂದು ಕೇಳಿದ. ಈ ಸಲ ದನಿಯಲ್ಲಿ ವಾದವಿರಲಿಲ್ಲ.

“ಅದನ್ನ ಕೇಳಬೇಕಾದ್ದೇ” ಎಂದರು ಕ್ಯಾಶಿಯರಮ್ಮ. “ಸರ್ಕಾರಗಳು ಕೊಡದೇ ಹೋದ ಉದಾಹರಣೆ ಲೋಕದಲ್ಲಿ ಇಲ್ಲದೇ ಇಲ್ಲ. ಆದರೆ ಹಣ ಇಡೋ ಜಾಗಗಳಲ್ಲಿ ಸಾಮಾನ್ಯವಾಗಿ ಇದು ಗಟ್ಟಿ ಅನ್ನಿಸಿಕೊಂಡದ್ದು. ನೀನು ಕಾಲು ಅಲ್ಲಾಡಿಸಿ ನೋಡಬೇಕಾದ ಜಾಗ ಅದೇ, ಸಾಲ ತಗೊಂಡವರು ವಾಪಸ್ ಕೊಡಬಲ್ಲರಾ ಅನ್ನೋದು. ಯಾವುದೋ ಹೆಸರಿಲ್ಲದ ಕಂಪನಿ ಹನ್ನೆರಡು, ಹದಿನೈದು ಕೊಡ್ತೀನಿ ಅಂತ ಬಂದರೆ ಆಗ ನಿನ್ನ ಹಳೇ ನಿಯಮ ಹಿಡಿ. ಇನ್ನೊಂದು ಮಾತು. ಸಾಮಾನಿನ ಬೆಲೆ ಏರ್ತಾ ಹೋದರೆ ಮೂರು ವರ್ಷದ ಮೇಲೆ ಬರೋ ನೂರಕ್ಕೆ ಇವತ್ತಿನಷ್ಟು ಸಾಮಾನು ಬರಲ್ಲ. ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ. ಮಾಲೀಕರ ಹತ್ರ ಬೆಲೆ ಈಗಲೇ ಮಾತಾಡಿ ಬರೆಸಿಟ್ಕೊಳ್ಳಿ.”

“ಬರೆಸಿದೀವಿ” ಎಂದಳು ಕುರ್ಚಿಯಕ್ಕ. ಆಮೇಲೆ, ತಡೆಯಲಾಗದೆ, “ಹಾಗಾದರೆ ಪ್ರತಿ ವರ್ಷ ಬಜೆಟ್ ಬಂದಾಗಲೂ ಇಳುವರಿ ಏರುತ್ತಾ?”

“ಹಾಗಂತ ಇಲ್ಲ. ಕ್ರೀಡಾಕೂಟದ ಸುದ್ದಿ ನಿಮಗೆ ಯಾವಾಗ ಗೊತ್ತಾಯ್ತು?”

“ಅವರು ಬಂದು ಕೇಳೋಕೆ ಒಂದು ತಿಂಗಳು ಮುಂಚೆನೇ ಗುಸುಗುಸು ಇತ್ತು. ಮೀಸೆ ಆಗಲೇ ಬಾಡಿಗೆ ಏರಿಸಿದ್ದ.”

“ನೋಡು. ಬಾಂಡಿನ ಮಾರುಕಟ್ಟೆಗೂ ಕಿವಿ ದೊಡ್ಡದು. ಸರ್ಕಾರ ಇಷ್ಟು ಸಾಲ ಎತ್ತಬಹುದು ಅಂತ ಮೊದಲೇ ಊಹಿಸಿ ಬೆಲೆ ಕಟ್ಟಿರುತ್ತೆ. ಬಜೆಟ್ಟಿನಲ್ಲಿ ಊಹೆಗಿಂತ ಹೆಚ್ಚು ಬಂದರೆ ಇಳುವರಿ ಏರುತ್ತೆ. ಊಹೆಗಿಂತ ಕಡಿಮೆ ಬಂದರೆ, ಸಾಲ ದೊಡ್ಡದೇ ಆದರೂ ಇಳುವರಿ ಇಳಿಯಬಹುದು. ಬೆಲೆಯೇರಿಕೆ, ದೇಶದ ಕೇಂದ್ರ ಬ್ಯಾಂಕು ಗೊತ್ತುಮಾಡೋ ಬಡ್ಡಿದರ, ಇವೂ ಎಳೀತಿರ್ತವೆ. ಅದಕ್ಕೇ ನಾಳೆ ಏನಾಗುತ್ತೆ ಅಂತ ನಾನು ಹೇಳಲ್ಲ. ಖಂಡಿತ ಹೇಳ್ತೀನಿ ಅನ್ನೋರನ್ನ ನಂಬಲ್ಲ.”

“ಕ್ಷೌರದವನು ಖಂಡಿತ ಅಂದ” ಎಂದ ಕುರ್ಚಿಯಣ್ಣ ಮೆಲ್ಲಗೆ.

“ಅವನ ಕೈಯಲ್ಲಿ ಕತ್ತಿ ಇತ್ತಲ್ಲ, ನೀವು ತಲೆಯಾಡಿಸಿರ್ತೀರ” ಎಂದಳು ಹೆಂಡತಿ.

ಫೋನು ಟಿಣ್ ಎಂದಿತು. ಇವತ್ತಿನ ವಹಿವಾಟು ಮುಗಿಯಿತು ಎಂಬ ಸಾಲು ಬಂದು ಗುಂಡಿಯ ಬಣ್ಣ ಮಂಕಾಯಿತು. ಕುರ್ಚಿಯಣ್ಣ ಫೋನನ್ನು ತಮ್ಮನ ಕೈಗಿಟ್ಟ. ಕ್ಯಾಶಿಯರಮ್ಮ ತಂದಿದ್ದ ಕುರ್ಚಿಗಳನ್ನು ಒಂದೊಂದಾಗಿ ತಲೆಕೆಳಗು ಮಾಡಿ ಕಾಲು ಹಿಡಿದು ನೋಡತೊಡಗಿದ. ಎಲ್ಲವೂ ಗಟ್ಟಿಯಾಗಿದ್ದವು. ಕೊನೆಯದನ್ನು ನೆಟ್ಟಗೆ ನಿಲ್ಲಿಸಿ, ಅದರ ಬೆನ್ನು ತಟ್ಟಿ, “ಕ್ರೀಡಾಕೂಟದ ಬಾಡಿಗೆ ಹಣ ಮುಂದಿನ ವಾರ ಬರುತ್ತೆ” ಎಂದ. “ಅದು ಹೊಸ ಹಣ. ಅದನ್ನ ಏಳೂವರೆಗೆ ಹಾಕಬಹುದಲ್ವಾ?”

“ಹಾಕಬಹುದು. ಏರಿದ ಬಡ್ಡಿಯ ಲಾಭ ಸಿಗೋದು ಹೊಸ ಹಣಕ್ಕೇ. ಅದೂ ಗೋದಾಮಿಗೇ ಆದರೆ ಗೋದಾಮಿನ ತಿಂಗಳಿಗೇ ಮುಗಿಯೋ ಹಾಗೆ ನೋಡಿ ತಗೋ. ಪೂರ್ತಿ ಹಾಕಬೇಡ. ಗಾಡಿ ಕೆಟ್ಟರೆ, ಮೈಗೆ ಹುಷಾರಿಲ್ಲದಿದ್ದರೆ ಅಂತ ಒಂದು ಪಾಲು ಬ್ಯಾಂಕಿನಲ್ಲೇ ಇರಲಿ. ಆಗ ಬಾಂಡನ್ನ ಬೆಲೆ ಇಳಿದ ದಿನವೇ ಮಾರೋ ಪರಿಸ್ಥಿತಿ ಬರಲ್ಲ.”

ಮಾರನೇ ಬೆಳಗ್ಗೆ ಬೆಲೆ ಇನ್ನೊಂದಿಷ್ಟು ಇಳಿದಿತ್ತು. ರೇಡಿಯೋ ವಾರ್ತೆಯ ದನಿ ತೆಗೆಯುವುದರೊಳಗೆ ಅಣ್ಣ ಕೈಯೆತ್ತಿ ತಡೆದ. “ಬೆಲೆ ಬೇಡ. ಕಾಲು ಹೇಗಿದೆ ಹೇಳು.”

“ಭದ್ರವಾಗಿದೆ ಎಂದು ಬಲ್ಲ ಮೂಲಗಳು ತಿಳಿಸಿವೆ.”

“ಸಾಕು. ಗಾಡಿ ತೆಗಿ.”

ಆಮೇಲೆ ಬಂದ ಬಜೆಟ್ಟುಗಳಲ್ಲಿ ಒಂದಕ್ಕೆ ಇಳುವರಿ ಏರಿತು, ಇನ್ನೊಂದಕ್ಕೆ ಇಳಿಯಿತು. ಬಾಂಡಿನ ಬೆಲೆ ಒಮ್ಮೆ ನೂರ ಒಂದಾಗಿ ಮಾರಲು ಕುರ್ಚಿಯಣ್ಣನ ಕೈ ಮತ್ತೆ ತುರಿಸಿತು. ಆ ದಿನ ಕುರ್ಚಿಯಕ್ಕ ಫೋನನ್ನು ಮಡಚಿದ ಕುರ್ಚಿಗಳ ರಾಶಿಯ ಅಡಿಯಲ್ಲಿಟ್ಟಳು. ಬಡ್ಡಿ ಬರಬೇಕಾದ ತಿಂಗಳಿಗೆ ಸರಿಯಾಗಿ ಬಂತು. ಗೋದಾಮಿನ ಮಾಲೀಕರು ಹಾಸಿಗೆ ಕಟ್ಟಿದ ತಿಂಗಳು ಬಾಂಡು ಮುಗಿಯಿತು, ನೂರಕ್ಕೆ ನೂರು ಬ್ಯಾಂಕಿಗೆ ಬಂದು ಬಿತ್ತು. ಮೀಸೆ ಗೋದಾಮಿನ ಬಾಗಿಲ ತನಕ ಬಂದು ಕುರ್ಚಿಯಕ್ಕನ ಹೆಸರಿನ ಹೊಸ ಬೋರ್ಡು ಓದಿ, ಮೀಸೆ ತಿರುವದೆಯೇ ಹೋದ.

ಅಂದು ಸಂಜೆ ಕುರ್ಚಿಯಕ್ಕ ನಾಲ್ಕು ಕುರ್ಚಿ ಬಿಡಿಸಿ ಗೋದಾಮಿನ ನಡುವೆ ಹಾಕಿದಳು. ಗಂಡ ಅಭ್ಯಾಸಬಲದಿಂದ ಒಂದನ್ನು ಎತ್ತಿ ಕಾಲು ನೋಡಲು ಹೋದ.

“ಕೂತ್ಕೊಳ್ರೀ. ಇವತ್ತು ಯಾರೂ ಬಂದು ಎಬ್ಬಿಸಲ್ಲ.”

ಕ್ಯಾಶಿಯರಮ್ಮ ಕೂತರು, ರೇಡಿಯೋ ಕೂತ, ಕುರ್ಚಿಯಕ್ಕ ಕೂತಳು. ಕುರ್ಚಿಯಣ್ಣ ಒಂದು ಗಳಿಗೆ ನಿಂತೇ ಇದ್ದ. ಆಮೇಲೆ ಮುಖ್ಯ ಅತಿಥಿಯ ಹಾಗೆ ಗಂಟಲು ಸರಿಮಾಡಿಕೊಂಡು ಕೂತ. ಕುರ್ಚಿ ಅಲುಗಲಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮುಂದಿನ ಬಜೆಟ್ಟಿನ ದಿನ ನೀವೂ ಒಂದು ಕುರ್ಚಿ ಎಳೆದುಕೊಂಡು ಕೇಳಿ. ಯಾವುದು ಅಗ್ಗ, ಯಾವುದು ತುಟ್ಟಿ ಎಂಬುದರ ಜೊತೆಗೆ ಸರ್ಕಾರ ಈ ವರ್ಷ ಎಷ್ಟು ಸಾಲ ಎತ್ತುತ್ತದೆ ಎಂಬ ಸಾಲು ಬಂದಾಗಲೂ ಕಿವಿ ಕೊಡಿ. ನಿಮ್ಮ ಹೊಸ ಉಳಿತಾಯಕ್ಕೆ ಸಿಗುವ ಬಡ್ಡಿಗೂ ಹಳೆಯ ಬಾಂಡಿನ ಇವತ್ತಿನ ಬೆಲೆಗೂ ಆ ಸಾಲಿನ ನಂಟಿದೆ. ಬೆಲೆ ಇಳಿದದ್ದು ಕಂಡು ಗುಂಡಿ ಒತ್ತುವ ಮುಂಚೆ ಮನೆಯವರೆಲ್ಲ ಕೂತು ಮಾತಾಡಿ. ಈ ಹಣ ನಮಗೆ ಯಾವಾಗ ಬೇಕು, ಬಾಂಡು ಮುಗಿಯುವುದು ಯಾವಾಗ, ಸಾಲ ತೆಗೆದುಕೊಂಡವರು ಗಟ್ಟಿಯೇ ಎಂದು ಕೇಳಿಕೊಳ್ಳಿ. ಬಾಂಡುಗಳನ್ನು ಒಟ್ಟುಗೂಡಿಸಿದ ನಿಧಿಯಲ್ಲಿ, ಅಂದರೆ ಬಾಂಡ್ ಫಂಡಿನಲ್ಲಿ ಹಾಕಿದ್ದರೆ, ಅದಕ್ಕೆ ವಾಪಸ್ ಬರುವ ದಿನ ನಿಗದಿಯಾಗಿದೆಯೇ ಎಂದು ವಿಚಾರಿಸಿ, ಹಲವಕ್ಕೆ ಹಾಗಿರುವುದಿಲ್ಲ. ಅರ್ಥವಾಗದಿದ್ದರೆ ಬ್ಯಾಂಕಿಗೆ ಹೋಗಿ ಕೇಳಿ, ನಿಮ್ಮ ಸಂಘದಲ್ಲಿ ಕೇಳಿ. ಕೇಳುವುದಕ್ಕೆ ಬಾಡಿಗೆಯಿಲ್ಲ. ಕಾಲು ಮುರಿದ ಕುರ್ಚಿಯನ್ನು ಖಂಡಿತ ಹೊರಗೆ ಹಾಕಿ. ಗಟ್ಟಿ ಕುರ್ಚಿಯಿಂದ ಮಾತ್ರ ಯಾರೋ ಕೂಗಿದರೆಂದು ಏಳಬೇಡಿ.